ನಿಮ್ಮ ಲೇಖನದ ಜೀವ ಕೊನೆಯ ಪುಟದಲ್ಲಿದೆ

ಪ್ರಿಯರೇ, ನಮಸ್ಕಾರ.

ಪೈಪ್ ಆರ್ಗನ್ ಎಂಬ ವಾದ್ಯವನ್ನು ಕಟ್ಟುತ್ತಿದ್ದ, ಅಮೆರಿಕದ ಬಾಸ್ಟನ್ನಿನ ಸ್ಕಿನ್ನರ್ ಆರ್ಗನ್ ಕಂಪನಿಯ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ನಿಮ್ಮ ಹತ್ತಿರ ಒಳ್ಳೆಯ ಸರಕು ಇದೆ, ಅದನ್ನು ಇಟ್ಟಿರುವ ಜಾಗ ಮಾತ್ರ ತಪ್ಪಾಗಿದೆ.

ಮೊದಲ ನಾಲ್ಕು ಪುಟಗಳಲ್ಲಿ ನೀವು ವರುಷಗಳನ್ನು ಸಾಲಾಗಿ ಕೊಟ್ಟಿದ್ದೀರಿ. 1901ರಲ್ಲಿ ಅರ್ನೆಸ್ಟ್ ಸ್ಕಿನ್ನರ್ ಸ್ವಂತ ಕಂಪನಿ ತೆರೆದರು. 1927ರಲ್ಲಿ ಇಂಗ್ಲೆಂಡಿನ ವಿಲ್ಲಿಸ್ ಆರ್ಗನ್ ಕಂಪನಿಯಿಂದ ಡೊನಾಲ್ಡ್ ಹ್ಯಾರಿಸನ್ ಬಂದರು. 1932ರಲ್ಲಿ ಸ್ಕಿನ್ನರ್ ಕಂಪನಿ ಏಯೋಲಿಯನ್ ಕಂಪನಿಯ ಆರ್ಗನ್ ವಿಭಾಗದ ಜೊತೆ ಸೇರಿ ಏಯೋಲಿಯನ್-ಸ್ಕಿನ್ನರ್ ಆಯಿತು. 1972ರಲ್ಲಿ ಬಾಗಿಲು ಹಾಕಿತು. ಎಲ್ಲವೂ ಸರಿ. ಆದರೆ ಯಾಕೆ ಅಂತ ಎಲ್ಲೂ ಇಲ್ಲ. ಏಯೋಲಿಯನ್‌ನವರು ಶ್ರೀಮಂತರ ಬಂಗಲೆಗಳಿಗೆ ಆರ್ಗನ್ ಮಾಡಿ ಕೊಡುತ್ತಿದ್ದರು. ಕಾಗದದ ಸುರುಳಿ ಹಾಕಿದರೆ ತಾನೇ ನುಡಿಯುವ ಆರ್ಗನ್ ಅದು. 1929ರ ಷೇರುಪೇಟೆ ಕುಸಿತದ ಮೇಲೆ ಅಂಥದ್ದನ್ನು ಕೊಳ್ಳುವವರು ಯಾರು? ಇಷ್ಟು ಹೇಳಿದ್ದರೆ 1932ರ ವಿಲೀನ ಓದುಗರಿಗೆ ತಾನಾಗಿ ಅರ್ಥವಾಗುತ್ತಿತ್ತು.

ಇನ್ನೊಂದು ಮಾತು. ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಹಾರ್ಮೋನಿಯಂ. ಅದರಲ್ಲಿ ಲೋಹದ ಪುಟ್ಟ ನಾಲಿಗೆಗಳು ಅದುರಿ ಸ್ವರ ಹುಟ್ಟುತ್ತದೆ. ಪೈಪ್ ಆರ್ಗನ್‌ನಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಬೇರೆ ಕೊಳವೆ, ಒಂದೊಂದು ನಾದಬಣ್ಣಕ್ಕೂ ಬೇರೆಯದೇ ಕೊಳವೆಗಳ ಸಾಲು. ಯೇಲ್ ವಿಶ್ವವಿದ್ಯಾಲಯದ ವೂಲ್ಸೀ ಹಾಲ್‌ನಲ್ಲಿ ಸ್ಕಿನ್ನರ್ ಕಂಪನಿ ಕಟ್ಟಿದ ಆರ್ಗನ್‌ನಲ್ಲಿ 12,617 ಕೊಳವೆಗಳಿವೆ. ಈ ಲೆಕ್ಕ ನಿಮ್ಮಲ್ಲೂ ಇದೆ, ಆದರೆ ಕೊಳವೆ ಅಂದರೇನು ಅಂತ ಹೇಳುವ ಮೊದಲೇ ಬಂದುಬಿಟ್ಟಿದೆ. ‘ದಿವ್ಯ ನಾದ’, ‘ಅಲೌಕಿಕ ಅನುಭವ’ ಎಂಬ ಮಾತುಗಳನ್ನೆಲ್ಲ ತೆಗೆಯಿರಿ. ಅವುಗಳಿಂದ ಏನೂ ಕೇಳಿಸುವುದಿಲ್ಲ. ಬೆಂಗಳೂರಿನಲ್ಲೇ ಇದ್ದೀರಿ ಅಂತ ಬರೆದಿದ್ದೀರಿ, ಅಲ್ವಾ? ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಇಂಗ್ಲೆಂಡಿನ ಪೀಟರ್ ಕೊನಾಕರ್ ಕಂಪನಿ 1881ರಲ್ಲಿ ಕಟ್ಟಿದ ಪೈಪ್ ಆರ್ಗನ್ ಇದೆ. ಕಂಪನಿ ಬೇರೆಯಾದರೂ ವಾದ್ಯದ ಜಾತಿ ಒಂದೇ. ಅನುಮತಿ ಕೇಳಿ ಒಮ್ಮೆ ಹೋಗಿ ನೋಡಿ ಬನ್ನಿ. ಆಮೇಲೆ ವಿಶೇಷಣಗಳು ಬೇಕಾಗುವುದಿಲ್ಲ.

ಈಗ ನಿಮ್ಮ ಕೊನೆಯ ಪುಟಕ್ಕೆ ಬರುತ್ತೇನೆ. ‘ಕಂಪನಿಯ ಕೆಲವು ದಾಖಲೆಗಳು ಇಂದಿಗೂ ಉಳಿದಿವೆ’ ಎಂದು ಒಂದು ಸಾಲು ಬರೆದು, ಕೆಳಗೆ ಸುಮ್ನೆ ಒಂದು ಪಟ್ಟಿ ಕೊಟ್ಟಿದ್ದೀರಿ. ಅದರಲ್ಲಿ ನನ್ನ ಕಣ್ಣು ನಿಂತದ್ದು ಎರಡು ನಮೂದುಗಳ ಮೇಲೆ. ನ್ಯೂಯಾರ್ಕಿನ ಸೇಂಟ್ ಥಾಮಸ್ ಚರ್ಚ್, 1913, ಕ್ರಮಸಂಖ್ಯೆ 205. ಅದೇ ಚರ್ಚ್, 1956, ಕ್ರಮಸಂಖ್ಯೆ 205-ಎ.

ನಿಮ್ಮ ಲೇಖನ ಇರುವುದು ಈ ‘ಎ’ ಅಕ್ಷರದಲ್ಲಿ. ಹಳೆಯ ಆರ್ಗನ್ನನ್ನು ಮತ್ತೆ ಕಟ್ಟಿದಾಗ ಹಳೆಯ ಸಂಖ್ಯೆಯನ್ನೇ ಇಟ್ಟು ಪಕ್ಕದಲ್ಲಿ ಒಂದು ಅಕ್ಷರ ಹಾಕುವುದು ಕಂಪನಿಯ ರೂಢಿ. ಪಟ್ಟಿ ನೋಡಿದವರಿಗೆ ಏನೋ ಸಣ್ಣ ರಿಪೇರಿ ಅನ್ನಿಸುತ್ತದೆ. ನಿಜಕ್ಕೂ ನಡೆದದ್ದು ಒಂದು ತಲೆಮಾರಿನ ರುಚಿಯನ್ನು ಅಳಿಸಿ ಇನ್ನೊಂದನ್ನು ಕೂರಿಸಿದ ಕೆಲಸ. ಸ್ಕಿನ್ನರ್‌ಗೆ ಆರ್ಕೆಸ್ಟ್ರಾದ ಬಣ್ಣಗಳು ಬೇಕಿದ್ದವು. ಫ್ರೆಂಚ್ ಹಾರ್ನ್, ಇಂಗ್ಲಿಷ್ ಹಾರ್ನ್, ತಂತಿವಾದ್ಯಗಳ ಮೆಲುದನಿ. ಹ್ಯಾರಿಸನ್‌ಗೆ ಬೇಕಿದ್ದದ್ದು ತಿಳಿಯಾದ, ಎಳೆಎಳೆಯಾಗಿ ಕೇಳುವ ನಾದ. ಬಾಖ್‌ನ ಸಂಗೀತ ನುಡಿಸಿದರೆ ಒಂದು ಸ್ವರವೂ ಮಸುಕಾಗಬಾರದು. ಇಬ್ಬರೂ ಒಂದೇ ಸೂರಿನಡಿ ಬಹಳ ದಿನ ಇರಲು ಆಗಲಿಲ್ಲ. ಸ್ಕಿನ್ನರ್ ಹೊರಬಿದ್ದು ಮಗನ ಜೊತೆ ಮೆಥ್ಯೂಯೆನ್ ಊರಿನಲ್ಲಿ ಬೇರೆ ಕೆಲಸ ಶುರುಮಾಡಿದರು. ತಮ್ಮ ಹೆಸರು ಹೊತ್ತ ಕಂಪನಿಯೇ ತಮ್ಮ ಆರ್ಗನ್‌ಗಳನ್ನು ಬಿಚ್ಚಿ ಬದಲಾಯಿಸುವುದನ್ನು ಅವರು ಬದುಕಿದ್ದಾಗಲೇ ನೋಡಬೇಕಾಯಿತು. ಅವರು ತೀರಿಕೊಂಡದ್ದು 1960ರಲ್ಲಿ.

1956ರ ಜೂನ್ ತಿಂಗಳನ್ನು ನೀವು ಮುಟ್ಟಿಯೇ ಇಲ್ಲ. ನ್ಯೂಯಾರ್ಕಿನಲ್ಲಿ ಆರ್ಗನ್ ವಾದಕರ ರಾಷ್ಟ್ರೀಯ ಸಮ್ಮೇಳನ. ಅಷ್ಟರೊಳಗೆ ಸೇಂಟ್ ಥಾಮಸ್ ಕೆಲಸ ಮುಗಿಯಬೇಕು. ಹ್ಯಾರಿಸನ್ ಹಗಲಿರುಳು ಅಲ್ಲೇ ಇದ್ದರು. ಜೂನ್ 14ರಂದು ಕೆಲಸ ಮಾಡಿ ಮನೆಗೆ ಹೋದವರು ಹೃದಯಾಘಾತದಿಂದ ತೀರಿಕೊಂಡರು. ಅದೇ ಸಮ್ಮೇಳನಕ್ಕೆ ಬಂದಿದ್ದ ಕೆಲವರು, ಹಳೆಯ ಆರ್ಗನ್‌ಗಳನ್ನು ಹೀಗೆ ಕಿತ್ತುಹಾಕುತ್ತಾ ಹೋದರೆ ಏನೂ ಉಳಿಯುವುದಿಲ್ಲ ಎಂದು ಸೇರಿ ಒಂದು ಸಂಘ ಕಟ್ಟಿದರು. ಅದೇ ಆರ್ಗನ್ ಹಿಸ್ಟಾರಿಕಲ್ ಸೊಸೈಟಿ. ಏಯೋಲಿಯನ್-ಸ್ಕಿನ್ನರ್ ದಾಖಲೆಗಳನ್ನು ಇವತ್ತು ಹುಡುಕಿ ಹೋಗುವವರು ತಟ್ಟುವುದು ಈ ಸಂಘದ ಬಾಗಿಲನ್ನೇ. ಅದಕ್ಕೆ ತನ್ನದೇ ಗ್ರಂಥಭಂಡಾರ ಇದೆ. ಹ್ಯಾರಿಸನ್ನರ ಸಾವು, ಈ ಸಂಘದ ಹುಟ್ಟು, ಇವೆರಡನ್ನೂ ಒಂದೇ ಪ್ಯಾರಾದಲ್ಲಿ ಇಟ್ಟು ನೋಡಿ.

ದಾಖಲೆ ಯಾಕೆ ಬೇಕು ಅನ್ನುವುದಕ್ಕೂ ನಿಮ್ಮಲ್ಲಿ ಉತ್ತರ ಇಲ್ಲ. ‘ಪರಂಪರೆಯ ರಕ್ಷಣೆ’ ಎಂದು ಹೇಳಿ ಮುಗಿಸಿದ್ದೀರಿ. ಅದು ಸಾಲದು. ಕಂಪನಿ ಮುಚ್ಚಿದರೂ ಅದು ಕಟ್ಟಿದ ಆರ್ಗನ್‌ಗಳು ಇನ್ನೂ ನುಡಿಯುತ್ತಿವೆ. ಒಳಗೆ ಗಾಳಿಯನ್ನು ಬಿಟ್ಟು ಹಿಡಿಯುವ ಪುಟ್ಟ ಪುಟ್ಟ ತೊಗಲುಗಳು ಕೆಲವು ದಶಕಗಳಲ್ಲಿ ಒಣಗಿ ಬಿರಿಯುತ್ತವೆ. ಆಗ ರಿಪೇರಿ ಮಾಡುವವರಿಗೆ ಆ ಆರ್ಗನ್ ಕಟ್ಟಿದಾಗಿನ ಕರಾರುಪತ್ರ ಬೇಕು. ಯಾವ ಸಾಲಿಗೆ ಎಷ್ಟು ಗಾಳಿಯ ಒತ್ತಡ, ಕೊಳವೆಯ ಬಾಯಿ ಎಷ್ಟು ಅಗಲ, ಯಾವ ಲೋಹ, ಎಲ್ಲವೂ ಬೇಕು. ವೂಲ್ಸೀ ಹಾಲ್‌ನದ್ದನ್ನೇ ತೆಗೆದುಕೊಳ್ಳಿ. ಅದು ಸ್ಕಿನ್ನರ್ ಆರ್ಗನ್ ಅಂತಲೇ ಪ್ರಸಿದ್ಧ. ಆದರೆ ಅದರೊಳಗೆ 1902ರಲ್ಲಿ ಹಚಿಂಗ್ಸ್-ವೋಟಿ ಮತ್ತು 1915ರಲ್ಲಿ ಸ್ಟಿಯರ್ ಕಂಪನಿ ಹಾಕಿದ ಕೊಳವೆಗಳೂ ಇವೆ. ಕಾಗದ ಇಲ್ಲದಿದ್ದರೆ ಯಾವುದು ಯಾರದ್ದು ಅಂತ ಬೇರ್ಪಡಿಸುವುದು ಬಹಳ ಕಷ್ಟ. ಒಂದು ಕಾಲಕ್ಕೆ ಹಳೇ ಫ್ಯಾಷನ್ ಎನಿಸಿಕೊಂಡ ಸ್ಕಿನ್ನರ್ ನಾದವನ್ನು ಈಗ ಜನ ಮತ್ತೆ ಹುಡುಕಿಕೊಂಡು ಬರುತ್ತಿದ್ದಾರೆ. ಅದಕ್ಕೂ ಆಧಾರ ಇವೇ ಹಾಳೆಗಳು.

ಸೇಂಟ್ ಥಾಮಸ್ ಚರ್ಚಿನಲ್ಲಿ ಈಗ ಹ್ಯಾರಿಸನ್ನರ ಆರ್ಗನ್ ಕೂಡ ಇಲ್ಲ. 2018ರಲ್ಲಿ ಡಾಬ್ಸನ್ ಕಂಪನಿಯ ಹೊಸ ಆರ್ಗನ್ ಬಂದಿದೆ. 205 ಮತ್ತು 205-ಎ ಎರಡನ್ನೂ ಈಗ ಹಾಳೆಯ ಮೇಲೆಯೇ ಓದಬೇಕು, ಇಲ್ಲವೇ ಹಳೆಯ ಧ್ವನಿಮುದ್ರಣಗಳಲ್ಲಿ ಕೇಳಬೇಕು. ಈ ಸಂಗತಿಯನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಅದನ್ನು ಮೇಲಕ್ಕೆ ತನ್ನಿ.

ಹಾಗಾಗಿ ನನ್ನ ಸಲಹೆ: ಕಂಪನಿಯ ಪೂರ್ತಿ ಇತಿಹಾಸ ಬಿಡಿ. ಸೇಂಟ್ ಥಾಮಸ್‌ನ ಆ ಎರಡು ನಮೂದುಗಳಿಂದ ಶುರುಮಾಡಿ. ವರುಷಗಳು ಬೇಕಾದಾಗ ತಾವಾಗಿ ಬರುತ್ತವೆ. ಸ್ಕಿನ್ನರ್, ಹ್ಯಾರಿಸನ್, ವಿಲ್ಲಿಸ್ ನಡುವಿನ ಪತ್ರಗಳು ಪುಸ್ತಕವಾಗಿ ಅಚ್ಚಾಗಿವೆ. ಸಿಕ್ಕರೆ ಅದನ್ನು ಓದಿಯೇ ಮುಂದುವರಿಯಿರಿ. ಸ್ಕಿನ್ನರ್, ಹ್ಯಾರಿಸನ್ ಇಬ್ಬರಲ್ಲಿ ಒಬ್ಬರನ್ನು ಖಳನಾಯಕ ಮಾಡಬೇಡಿ, ಇಬ್ಬರೂ ದೊಡ್ಡ ಕಸುಬುದಾರರು. 1500 ಪದ ಮೀರದಿರಲಿ. ಫೋಟೊ ಹಾಕುವುದಾದರೆ ಅನುಮತಿ ಪತ್ರವನ್ನೂ ಜೊತೆಗೇ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ