ಸ್ಪ್ಯಾನಿಷ್‌ನ 'ಅಬ್ಲಾಬಮೊಸ್' (ನಾವು ಮಾತಾಡುತ್ತಿದ್ದೆವು) ಪದವನ್ನು ಬಿಡಿಸುವುದು ಹೇಗೆ? ಒತ್ತು ಎಲ್ಲಿ ಬೀಳುತ್ತದೆ?

ಉಚ್ಚಾರದ ಭಾಗಗಳು ನಾಲ್ಕು: ಅ-ಬ್ಲಾ-ಬ-ಮೊಸ್. ಬರಹದಲ್ಲಿ ಮೊದಲಿಗೆ 'ಆಚೆ' ಎಂಬ ಅಕ್ಷರವಿದೆ, ಆದರೆ ಅದಕ್ಕೆ ಧ್ವನಿಯಿಲ್ಲ. 'ಬ್ಲ' ಜೋಡಿಯನ್ನು ಸ್ಪ್ಯಾನಿಷ್ ಸಾಮಾನ್ಯವಾಗಿ ಒಡೆಯುವುದಿಲ್ಲ. ಕನ್ನಡಿಗರು ಎಡವುವುದು ಇಲ್ಲೇ. ನಮ್ಮ ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು, ಹಾಗಾಗಿ ನಾಲಿಗೆ ತಾನಾಗಿ 'ಅಬ್-ಬ್ಲಾ' ಎನ್ನುತ್ತದೆ. 'ಅ' ಹಗುರವಾಗಿಯೇ ಇರಲಿ. ಎರಡೂ 'ಬ'ಗಳು ಸ್ವರದ ಬೆನ್ನಿಗೇ ಬರುವುದರಿಂದ ತುಟಿ ಪೂರ್ತಿ ಮುಚ್ಚಬಾರದು.

ಒತ್ತು 'ಬ್ಲಾ' ಮೇಲೆ, ಅಂದರೆ ಕೊನೆಯಿಂದ ಮೂರನೆಯದರ ಮೇಲೆ. ಸ್ವರ, 'ನ್' ಅಥವಾ 'ಸ್'ನಿಂದ ಮುಗಿಯುವ ಪದಕ್ಕೆ ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಭಾಗದಲ್ಲಿ ಒತ್ತು. ಆ ಲೆಕ್ಕದಲ್ಲಿ 'ಅಬ್ಲಬಾಮೊಸ್' ಆಗಿಬಿಡುತ್ತಿತ್ತು. ಅದಕ್ಕೇ ಆ ಸ್ವರದ ತಲೆಯ ಮೇಲೆ ಓರೆಗೆರೆ ಕಡ್ಡಾಯ. 'ಅಬ್ಲಾಬ', 'ಅಬ್ಲಾಬನ್' ರೂಪಗಳಲ್ಲೂ ಒತ್ತು ಅದೇ ಜಾಗದಲ್ಲಿದೆ, ಆದರೆ ಅಲ್ಲಿ ಅದು ನಿಯಮದಂತೆಯೇ ಬೀಳುವುದರಿಂದ ಗೆರೆ ಬೇಡ.

ವ್ಯಾಕರಣದ ಭಾಗಗಳು ಬೇರೆಯೇ: ಧಾತು 'ಅಬ್ಲ್', ಗಣಸೂಚಕ ಸ್ವರ (ಕ್ರಿಯಾಪದ ಯಾವ ಗುಂಪಿನದೆಂದು ತೋರಿಸುವ ಸ್ವರ) 'ಆ', ಅಪೂರ್ಣ ಭೂತಕಾಲದ 'ಬ', ಉತ್ತಮ ಪುರುಷ ಬಹುವಚನದ 'ಮೊಸ್'. ಧಾತು ಮುಗಿಯುವುದು 'ಬ್ಲ್' ಆದ ಮೇಲೆ, ಉಚ್ಚಾರ ಒಡೆಯುವುದು ಅದಕ್ಕೂ ಮುಂಚೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ.

'ಬ' ಎಲ್ಲ ಕ್ರಿಯಾಪದಗಳಿಗೂ ಬರುವುದಿಲ್ಲ. 'ಕೊಮೇರ್' (ತಿನ್ನು) ಗುಂಪಿನಲ್ಲಿ ಆ ಜಾಗಕ್ಕೆ 'ಈಅ': ಕೊ-ಮೀ-ಅ-ಮೊಸ್. 'ಮ್ಯಾ' ಎಂದು ಕೂಡಿಸಿದರೆ ತಪ್ಪು.