ಕಂಪನಿಯ ಹೆಸರು ಯಾಕೆ ಹಾಕಲಿಲ್ಲ?

ಸಂಪಾದಕರ ಉತ್ತರ

ದಿನಾ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವ ಓದುಗರೊಬ್ಬರು ಬರೆದ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿದ್ದೇವೆ. “ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಮಾಡುವ ಕಂಪನಿಯಲ್ಲಿ 7 ವರ್ಷದಿಂದ ಮೆಡಿಕಲ್ ಕೋಡರ್ ಆಗಿದ್ದೇನೆ, ಅಂದರೆ ಡಾಕ್ಟರು ಬರೆದದ್ದನ್ನು ಓದಿ ಬಿಲ್ಲಿಗೆ ಬೇಕಾದ ಕೋಡ್ ನಂಬರ್ ಹಾಕುವ ಕೆಲಸ. ನಮ್ಮ ಪ್ರೊಸೆಸ್ ಮನಿಲಾಕ್ಕೆ ಹೋಗುತ್ತಿದೆ. ಶುಕ್ರವಾರದೊಳಗೆ ರಾಜೀನಾಮೆ ಬರೆದುಕೊಡಿ ಎಂದು ಎಚ್‌ಆರ್ ಹೇಳಿದ್ದಾರೆ. ಅಷ್ಟರೊಳಗೆ ಮನಿಲಾದವರಿಗೆ ನಾವೇ ಕೆಲಸ ಕಲಿಸಿಕೊಡಬೇಕಂತೆ. ಇನ್ನೊಂದು ವಿಷಯ. ಕೆಲವು ತಿಂಗಳಿಂದ ಡಾಕ್ಟರು ಬರೆದದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕೋಡ್ ಹಾಕಿ ಎನ್ನುತ್ತಿದ್ದಾರೆ. ಮೇಲ್‌ನಲ್ಲಿ ಅಲ್ಲ, ಕಾಲ್‌ನಲ್ಲಿ ಮಾತ್ರ. ಎರಡು ಫೋಟೋ ಜೊತೆಗಿಟ್ಟಿದ್ದೇನೆ. ಕಂಪನಿಯ ಹೆಸರು ಸಮೇತ ಪತ್ರಿಕೆಯಲ್ಲಿ ಹಾಕಿ. ನನ್ನ ಹೆಸರು ಮಾತ್ರ ಬೇಡ.”

ಈ ಉತ್ತರವನ್ನು ಮೊದಲು ಅವರಿಗೇ ಅಂಚೆಯಲ್ಲಿ ಕಳುಹಿಸಿದ್ದೆ. ಅವರು ಒಪ್ಪಿದ ಮೇಲೆ ಇಲ್ಲಿ ಹಾಕುತ್ತಿದ್ದೇನೆ.

ನಮಸ್ಕಾರ.

ಕಂಪನಿಯ ಹೆಸರು ಹಾಕಿಲ್ಲ. ನಿಮ್ಮ ಊರಿನ ಹೆಸರನ್ನೂ ತೆಗೆದಿದ್ದೇನೆ. ಆ ಊರಿನಿಂದ ಆ ಕಂಪನಿಗೆ ಹೋಗುವವರು ಎಷ್ಟು ಜನ? ಒಬ್ಬರೋ ಇಬ್ಬರೋ. ನೀವು ಗಂಡೋ ಹೆಣ್ಣೋ ಎಂಬುದನ್ನೂ ಬರೆಯುವುದಿಲ್ಲ. ವರ್ಷದ ಲೆಕ್ಕವನ್ನೂ ಸ್ವಲ್ಪ ಬದಲಿಸಿದ್ದೇನೆ. “ನನ್ನ ಹೆಸರು ಮಾತ್ರ ಬೇಡ” ಎಂದರೆ ಸಾಕಾಗುವುದಿಲ್ಲ. ಇದನ್ನು ನಾನು ಹಣ ಕೊಟ್ಟು ಕಲಿತವನು.

1989ರಲ್ಲಿ ಕಾಸರಗೋಡಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ರೈತ ತಂದ ಅಡಿಕೆ ತೂಗಿದ ಮೇಲೆ ಗೋಣಿಚೀಲದ ತೂಕ ಕಳೆಯಬೇಕಲ್ಲ? ಖಾಲಿ ಚೀಲ 900 ಗ್ರಾಂ ಇರುತ್ತಿತ್ತು. ನಾನು ಪುಸ್ತಕದಲ್ಲಿ ಕಳೆಯಬೇಕಾದದ್ದು ಒಂದೂವರೆ ಕಿಲೋ. ಹೀಗೆ ಚೀಲಕ್ಕೆ 600 ಗ್ರಾಂ ಅಡಿಕೆ ಪುಕ್ಕಟೆ. ಎರಡು ವರ್ಷ ಬರೆದೆ. ಒಂದು ದಿನ ನಮ್ಮದೇ ನೆರೆಕರೆಯ ಅಜ್ಜನೊಬ್ಬರು ಎಂಟು ಚೀಲ ತಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡ ಧಣಿಗಳು ಬೇರೆ ಊರಿನಲ್ಲಿದ್ದರು. ಎಡಗೈಯಲ್ಲಿ, ಅಕ್ಷರ ಬದಲಿಸಿ, ಇನ್‌ಲ್ಯಾಂಡ್ ಲೆಟರಿನಲ್ಲಿ ಅವರಿಗೆ ಬರೆದೆ. ಸಹಿ ಇಲ್ಲ, ಊರಿಲ್ಲ. ಉಪ್ಪಳಕ್ಕೆ ಹೋಗಿ ಡಬ್ಬಕ್ಕೆ ಹಾಕಿ ಬಂದೆ. ಭಾರೀ ಜಾಣತನ ಎಂದುಕೊಂಡಿದ್ದೆ.

ಒಂಬತ್ತನೇ ದಿನ ಕೆಲಸ ಹೋಯಿತು. ಹೇಗೆ ಗೊತ್ತಾಯಿತು ಅಂದರೆ, 900 ಗ್ರಾಂ ಎಂಬ ಲೆಕ್ಕ ತಿಳಿದಿದ್ದವರು ಇಬ್ಬರೇ. ನಾನು, ಮತ್ತು ತೂಕ ಮಾಡುವವನು. ಪತ್ರ ಇದ್ದದ್ದು ಕನ್ನಡದಲ್ಲಿ. ಅವನಿಗೆ ಬರೆಯಲು ಬರುತ್ತಿದ್ದದ್ದು ಮಲಯಾಳ ಮಾತ್ರ.

ನಿಮ್ಮ ಪತ್ರ ಓದುವಾಗ ಅದೇ ನೆನಪಾಯಿತು. ಇಂಥ ತಾರೀಕಿನ ಕಾಲ್, ಅದರಲ್ಲಿ ಇಂಥ ಮಾತು ಎಂದು ಬರೆದಿದ್ದೀರಿ. ಆ ಕಾಲ್‌ನಲ್ಲಿ ಇದ್ದವರು ಆರು ಜನ ಎಂದೂ ನೀವೇ ಹೇಳಿದ್ದೀರಿ. ಅಚ್ಚಾದ ಮೊದಲ ದಿನವೇ ಆರು ಜನರನ್ನು ಕರೆದು ಕೂರಿಸುತ್ತಾರೆ. ಅಷ್ಟರಲ್ಲಿ ನಮಗೂ ಮಾನನಷ್ಟದ ನೋಟೀಸು ಬಂದಿರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಅದಕ್ಕೆ 2 ವರ್ಷದ ತನಕ ಜೈಲು ಇದೆ. ನಮ್ಮದು ನಾಲ್ಕು ಜನರ ಪತ್ರಿಕೆ. ಹೆದರಿಕೆ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಕಾರಣ ಅದೊಂದೇ ಅಲ್ಲ.

ಆ ಫೋಟೋಗಳ ವಿಷಯ ಮೊದಲು. ಕೋಡ್ ತೋರಿಸಲೆಂದು ಸ್ಕ್ರೀನಿನ ಫೋಟೋ ತೆಗೆದಿದ್ದೀರಿ. ಅದರ ಮೇಲ್ಗಡೆ ಒಬ್ಬ ಅಜ್ಜಿಯ ಪೂರ್ತಿ ಹೆಸರಿದೆ. ಹುಟ್ಟಿದ ವರ್ಷ 1941. ಬಿಪಿ ಎಷ್ಟು, ಯಾವ ಮಾತ್ರೆ, ಎಲ್ಲ ಇದೆ. ಏಳು ಸಮುದ್ರದ ಆಚೆ ಕೂತ ಆ ಅಜ್ಜಿಯ ರಕ್ತದೊತ್ತಡವನ್ನು ಕಾಸರಗೋಡಿನ ಸಂಪಾದಕನೊಬ್ಬ ಚಹಾ ಕುಡಿಯುತ್ತಾ ಓದಬೇಕೇ? ಅಮೆರಿಕದಲ್ಲಿ ರೋಗಿಗಳ ಗುಟ್ಟು ಕಾಯಲು 1996ರಿಂದ ಹಿಪಾ ಎಂಬ ಕಾನೂನಿದೆ. ಕೆಲಸಕ್ಕೆ ಸೇರುವಾಗ ಅದರ ಟ್ರೈನಿಂಗ್ ಕೊಟ್ಟು ನಿಮ್ಮಿಂದ ಸಹಿ ತೆಗೆದುಕೊಂಡಿರುತ್ತಾರೆ. ಕಂಪನಿ ಮಾಡಿದ್ದು ದೊಡ್ಡ ತಪ್ಪೇ ಇರಬಹುದು. ಈ ಫೋಟೋ ಹೊರಬಿದ್ದರೆ ಅವರು ಹಿಡಿಯುವುದು ನಿಮ್ಮ ತಪ್ಪನ್ನು. ಪ್ರಿಂಟುಗಳನ್ನು ಮುಚ್ಚಿದ ಲಕೋಟೆಯಲ್ಲಿ ನಿಮಗೇ ವಾಪಸ್ ಕಳುಹಿಸಿದ್ದೇನೆ. ಮೊಬೈಲಿನಲ್ಲಿ ಇರುವುದನ್ನು ಯಾರಿಗೂ ತೋರಿಸಬೇಡಿ, ಫಾರ್ವರ್ಡ್ ಮಾಡಬೇಡಿ. ಅದನ್ನು ಏನು ಮಾಡಬೇಕು ಎಂದು ವಕೀಲರನ್ನು ಕೇಳಿ.

ಇನ್ನು ಕೋಡಿನ ಕಥೆ. ಉಳಿದ ಓದುಗರಿಗೂ ಗೊತ್ತಾಗಲಿ. ಅಮೆರಿಕದಲ್ಲಿ ಹಳೆಯ ರೋಗಿ ಡಾಕ್ಟರ ಹತ್ತಿರ ಬಂದುಹೋದರೆ ಆ ಭೇಟಿಗೆ ಒಂದು ನಂಬರ್ ಕೊಡುತ್ತಾರೆ. ಸ್ಥಿರವಾಗಿರುವ ಬಿಪಿ ಒಂದೇ ಸಮಸ್ಯೆ, ಅದೇ ಮಾತ್ರೆ ಮುಂದುವರಿಸಿ ಎಂದಿದ್ದರೆ 99213. ಬಿಪಿಯ ಜೊತೆ ಶುಗರ್ ಕೂಡ ನೋಡಿ ಮಾತ್ರೆ ಬರೆದಿದ್ದರೆ, ಅಥವಾ ಇದ್ದ ರೋಗವೇ ಜೋರಾಗಿದ್ದರೆ, 99214. ಸಮಯದ ಲೆಕ್ಕದಲ್ಲಿ ಹೋದರೆ ಮೊದಲನೆಯದಕ್ಕೆ 20 ನಿಮಿಷ, ಎರಡನೆಯದಕ್ಕೆ 30. ಒಂದಂಕಿಯ ವ್ಯತ್ಯಾಸ. ದುಡ್ಡಿನಲ್ಲಿ ಸುಮಾರು 30–40 ಡಾಲರ್. 65 ದಾಟಿದವರಾದರೆ ಹೆಚ್ಚಾಗಿ ಆ ಬಿಲ್ಲು ಹೋಗುವುದು ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ. ಅಂದರೆ ಜನರ ತೆರಿಗೆಗೆ. ಚಾರ್ಟಿನಲ್ಲಿ, ಅಂದರೆ ಡಾಕ್ಟರು ಬರೆದಿಟ್ಟ ದಾಖಲೆಯಲ್ಲಿ, ಇಲ್ಲದ್ದನ್ನು ಇದೆ ಎಂದು ಮೇಲಿನ ನಂಬರ್ ಹಾಕಿದರೆ ಅದಕ್ಕೆ ಅಪ್‌ಕೋಡಿಂಗ್ ಅನ್ನುತ್ತಾರೆ. ನನ್ನ ಕಾಲದ 600 ಗ್ರಾಂ ಅಡಿಕೆಯೇ ಇದು, ಅಲ್ವಾ?

ಈಗ ನನ್ನ ಮುಖ್ಯ ಮಾತು. ನಿಮ್ಮ ಪತ್ರದಲ್ಲಿ ಎರಡು ಸಂಗತಿ ಒಂದೇ ಉಸಿರಿನಲ್ಲಿ ಬಂದಿವೆ. ಕೆಲಸ ಹೋಗುತ್ತಿರುವುದು ಒಂದು, ಕೋಡ್ ಏರಿಸಿದ್ದು ಇನ್ನೊಂದು. ಇವನ್ನು ಎರಡು ಬೇರೆ ಫೈಲು ಮಾಡಿ. ಒಂದೇ ಕಾಗದದಲ್ಲಿ ಎಂದೂ ಬರೆಯಬೇಡಿ. ಬರೆದರೆ “ಕೆಲಸ ಹೋಯಿತೆಂದು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾರೆ” ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಹೊಡೆದುಹಾಕುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ಇನ್ಫೋಸಿಸ್‌ನ ಅಮೆರಿಕದ ಉದ್ಯೋಗಿ ಜೇ ಪಾಮರ್ ಅವರದ್ದು. ಬಿ-1 ಎಂಬ ಬಿಸಿನೆಸ್ ವೀಸಾದಲ್ಲಿ ಜನರನ್ನು ಕರೆಸಿ, ಎಚ್-1ಬಿ ಎಂಬ ಉದ್ಯೋಗ ವೀಸಾ ಬೇಕಾದ ಕೆಲಸ ಮಾಡಿಸುತ್ತಿದ್ದಾರೆ ಎಂದು ಅವರು ದೂರಿದರು. ದೂರು ಕೊಟ್ಟದ್ದಕ್ಕೆ ತನಗೆ ಕಿರುಕುಳವಾಯಿತು ಎಂದು ಅಲಬಾಮಾದಲ್ಲಿ ಬೇರೆ ಕೇಸೂ ಹಾಕಿದರು. ಆ ಸ್ವಂತದ ಕೇಸು 2012ರಲ್ಲಿ ಬಿದ್ದುಹೋಯಿತು. ವೀಸಾದ ವಿಷಯ ಬೀಳಲಿಲ್ಲ. 2013ರ ಅಕ್ಟೋಬರಿನಲ್ಲಿ ಕಂಪನಿ ಅಮೆರಿಕ ಸರ್ಕಾರದ ಜೊತೆ 3.4 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ವೀಸಾ ಮೋಸ ಮಾಡಿಲ್ಲ, ಕಾಗದಪತ್ರದಲ್ಲಿ ತಪ್ಪಾಗಿದೆ ಎಂದಷ್ಟೇ ಒಪ್ಪಿತು. ಒಬ್ಬನೇ ಮನುಷ್ಯ, ಎರಡು ಫೈಲು. ಒಂದು ಸೋತರೂ ಇನ್ನೊಂದು ನಿಂತಿತು.

ಮೊದಲ ಫೈಲಿಗೆ ಬರುವಾ, ಅದಕ್ಕೆ ಶುಕ್ರವಾರದ ಗಡುವಿದೆ. ರಾಜೀನಾಮೆಗೆ ಸಹಿ ಹಾಕಬೇಡಿ. ನೀವೇ ಬಿಟ್ಟುಹೋದಿರಿ ಎಂದು ಬರೆಸಿಕೊಂಡರೆ ಅವರಿಗೆ ಕೊಡುವ ಬಾಬ್ತು ಉಳಿಯುತ್ತದೆ. ನಾವೆಲ್ಲ ಲೇಆಫ್ ಲೇಆಫ್ ಎನ್ನುತ್ತೇವೆ. ಕಾನೂನಿನಲ್ಲಿ ಲೇಆಫ್ ಎಂದರೆ ತಾತ್ಕಾಲಿಕವಾಗಿ ಕೆಲಸ ಕೊಡಲಾಗದೆ ಕೂರಿಸುವುದು. ನಿಮ್ಮದು ರಿಟ್ರೆಂಚ್‌ಮೆಂಟ್. ಒಂದು ವರ್ಷ ದುಡಿದ ಕಾರ್ಮಿಕನಿಗೆ ಒಂದು ತಿಂಗಳ ನೋಟೀಸು ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದ ಈ ಮಾತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. “ನೀವು ಸೀನಿಯರ್, ಕಾರ್ಮಿಕ ಅಲ್ಲ” ಎಂದು ಎಚ್‌ಆರ್ ಹೇಳಿದರಂತೆ. ಹುದ್ದೆಯ ಹೆಸರಲ್ಲ, ದಿನಾ ಮಾಡುವ ಕೆಲಸ ಏನು ಎಂಬುದೇ ಲೆಕ್ಕ. ನಿಮ್ಮ ಕೈಕೆಳಗೆ ಯಾರೂ ಇಲ್ಲ. ಬೆಳಗ್ಗಿನ ತನಕ ಕೂತು ಚಾರ್ಟ್ ಓದುತ್ತೀರಿ. ಅದು ಮ್ಯಾನೇಜರ್ ಕೆಲಸವೇ?

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಿಗುವ ಮೊತ್ತ, ಬೇರೆ. 5 ವರ್ಷ ದಾಟಿದ್ದರಿಂದ ಅದು ರಾಜೀನಾಮೆ ಕೊಟ್ಟರೂ ಸಿಗುತ್ತದೆ. ಲೆಕ್ಕಕ್ಕೆ ಹಿಡಿಯುವ ಸಂಬಳ 20,000 ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿ, 15ರಿಂದ ಗುಣಿಸಿ, 7 ವರ್ಷಕ್ಕೆ 80,769 ರೂಪಾಯಿ. “ಒಳ್ಳೆಯ ಮನಸ್ಸಿನಿಂದ ಎರಡು ತಿಂಗಳ ಸಂಬಳ ಕೊಡುತ್ತೇವೆ” ಎಂದು ಅವರು ಹೇಳಿದ್ದರಲ್ಲಿ ಒಳ್ಳೆಯ ಮನಸ್ಸು ಎಷ್ಟು, ನಿಮ್ಮದೇ ದುಡ್ಡು ಎಷ್ಟು, ನೀವೇ ಕೂಡಿಸಿ ನೋಡಿ.

ಇಲ್ಲೊಂದು ಗಡಿಯವರ ಪಜೀತಿ ಇದೆ. ಮನೆ ಕೇರಳದಲ್ಲಿ ಎಂದು ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ ಹೋಗಬೇಡಿ. ಕೆಲಸದ ಜಾಗ ಮಂಗಳೂರು. ಹಾಗಾಗಿ ಕರ್ನಾಟಕದ ಕಾರ್ಮಿಕ ಇಲಾಖೆಯ ಮಂಗಳೂರು ಕಚೇರಿಗೇ ಹೋಗಿ. ಅಲ್ಲಿ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ಊರಿನವರಿಗೆ ಈ ಭಾಗ್ಯ ಆಫೀಸುಗಳಲ್ಲಿ ದಿನಾ ಸಿಗುವುದಿಲ್ಲ! ಐಟಿ ಮತ್ತು ಬಿಪಿಒ ನೌಕರರಿಗಾಗಿ ಬೆಂಗಳೂರಿನಲ್ಲಿ 2017ರಿಂದ ಕಿಟು ಎಂಬ ಯೂನಿಯನ್ ಇದೆ. ಒಬ್ಬರೇ ಹೋಗುವ ಬದಲು ಅವರನ್ನು ಕೇಳಿ. ಹೊರಗೆ ಹಾಕುವವರ ಪಟ್ಟಿಯಲ್ಲಿ ನೀವೊಬ್ಬರೇ ಇಲ್ಲವಲ್ಲ.

ಎರಡನೇ ಫೈಲು ನಿಧಾನದ್ದು. ನಮ್ಮ ದೇಶದಲ್ಲಿ ವಿಸಲ್‌ಬ್ಲೋವರ್, ಅಂದರೆ ಒಳಗಿನ ತಪ್ಪನ್ನು ಹೊರಗೆ ಹೇಳುವವರ ರಕ್ಷಣೆಯ ಕಾಯ್ದೆ 2014ರಲ್ಲೇ ಪಾಸಾಗಿದೆ ಎಂದು ಬರೆದಿದ್ದೀರಿ. ಪಾಸಾದದ್ದು ಹೌದು, ಜಾರಿಗೆ ಬಂದಿಲ್ಲ. ಬಂದರೂ ಅದು ಸರ್ಕಾರಿ ಅಧಿಕಾರಿಗಳ ವಿರುದ್ಧದ ದೂರಿಗೆ. ಖಾಸಗಿ ಕಂಪನಿಗೆ 2013ರ ಕಂಪನಿ ಕಾಯ್ದೆಯ 177ನೇ ಕಲಮು ಇದೆ. ಷೇರುಪೇಟೆಯಲ್ಲಿರುವ ಕಂಪನಿ, ಜನರಿಂದ ಠೇವಣಿ ತೆಗೆದುಕೊಂಡದ್ದು, ಬ್ಯಾಂಕುಗಳಿಂದ 50 ಕೋಟಿಗಿಂತ ಜಾಸ್ತಿ ಸಾಲ ಮಾಡಿದ್ದು, ಇವು ನೌಕರರ ದೂರು ಕೇಳಲು ಒಂದು ದಾರಿ ಇಟ್ಟಿರಲೇಬೇಕು. ದೂರು ಕೊಟ್ಟವರಿಗೆ ತೊಂದರೆ ಮಾಡಬಾರದು. ನಿಮ್ಮ ಕಂಪನಿ ಇದರಲ್ಲಿ ಬರುತ್ತದೆಯೇ ನೋಡಿ.

ಮೋಸವಾದದ್ದು ಅಮೆರಿಕದ ಸರ್ಕಾರಕ್ಕಾದ್ದರಿಂದ ಅಲ್ಲಿಯ ದಾರಿಯೂ ಇದೆ. ಅವರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಮೆಡಿಕೇರ್ ಮೋಸದ ದೂರು ತೆಗೆದುಕೊಳ್ಳುತ್ತದೆ. ಅದಲ್ಲದೆ 1863ರ ಒಂದು ಕಾಯ್ದೆ ಇದೆ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕಳಪೆ ಸಾಮಾನು ಮಾರಿದವರನ್ನು ಹಿಡಿಯಲು ಮಾಡಿದ್ದು. ಸರ್ಕಾರದ ಪರವಾಗಿ ಯಾರು ಬೇಕಾದರೂ ಕೇಸು ಹಾಕಬಹುದು, ವಸೂಲಾದ ದುಡ್ಡಿನಲ್ಲಿ ಶೇ. 15ರಿಂದ 30ರ ತನಕ ಪಾಲೂ ಇದೆ. ಕೇಸು ಮೊದಲು ಮುಚ್ಚಿದ ಲಕೋಟೆಯಲ್ಲೇ ಇರುತ್ತದೆ. ಪತ್ರಿಕೆಯಲ್ಲಿ ಮೊದಲೇ ಬಂದ ವಿಷಯವಾದರೆ ಆ ಕೇಸಿಗೇ ಏಟು ಬೀಳಬಹುದು. ನಿಮ್ಮ ಪತ್ರವನ್ನು ಹಾಗೆಯೇ ಅಚ್ಚು ಹಾಕದಿದ್ದಕ್ಕೆ ಇದು ಇನ್ನೊಂದು ಕಾರಣ.

ಪಾಲು ಎಂದ ಕೂಡಲೇ ಲೆಕ್ಕ ಹಾಕಲು ಕೂರಬೇಡಿ ಮಾರಾಯ್ರೇ. ರ್‍ಯಾನ್‌ಬ್ಯಾಕ್ಸಿ ಔಷಧ ಕಂಪನಿಯ ಸುಳ್ಳು ದಾಖಲೆಗಳನ್ನು ಬಯಲು ಮಾಡಿದ ದಿನೇಶ್ ಠಾಕೂರ್ ಅವರಿಗೆ ಸುಮಾರು 4.8 ಕೋಟಿ ಡಾಲರ್ ಬಂತು, ನಿಜ. ಅವರು ಕೆಲಸ ಬಿಟ್ಟದ್ದು 2005ರಲ್ಲಿ, ಕಂಪನಿ ತಪ್ಪೊಪ್ಪಿಕೊಂಡದ್ದು 2013ರಲ್ಲಿ. ನಡುವಿನ 8 ವರ್ಷ ಮನೆ ನಡೆಯಬೇಕಲ್ಲ.

ಹಾಗಾದರೆ ಈಗ ಏನು ಮಾಡಬೇಕು? ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬೇಡ. ಯಾವ ದಿನ, ಎಷ್ಟು ಗಂಟೆಗೆ, ಯಾರು, ಏನು ಹೇಳಿದರು, ನೀವು ಏನು ಉತ್ತರ ಕೊಟ್ಟಿರಿ, ಅಷ್ಟು ಬರೆಯಿರಿ. ರೋಗಿಯ ಹೆಸರು ಬೇಡ. ಕಣ್ಣಾರೆ ಕಂಡದ್ದು ಬೇರೆ, ಕ್ಯಾಂಟೀನಿನಲ್ಲಿ ಕೇಳಿದ್ದು ಬೇರೆ. ಬೆರೆಸಬೇಡಿ. ಮುಂದಿನ ಸಲ ಕಾಲ್‌ನಲ್ಲಿ ಹೇಳಿದರೆ, “ನೀವು ಈಗ ಹೇಳಿದ್ದು ಇದೇ ತಾನೇ?” ಎಂದು ಸಭ್ಯವಾಗಿ ಆಫೀಸಿನ ಮೇಲ್‌ನಲ್ಲೇ ಕೇಳಿ. ಉತ್ತರ ಬಾರದಿದ್ದರೂ ನೀವು ಕೇಳಿದ್ದು ಅಲ್ಲಿ ಉಳಿಯುತ್ತದೆ.

ನಮ್ಮ ಜಿಲ್ಲೆಯದ್ದೇ ಒಂದು ನೆನಪು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರರು. ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿಯುವುದರ ವಿರುದ್ಧ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಸ್ವಂತ ಹೆಸರಿನಲ್ಲಿ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಅವರು ಹೇಳಿದ್ದು ತಮ್ಮ ಮನೆಯ ಸುತ್ತ ಕಂಡದ್ದನ್ನು. ಯಾರ ಫೈಲನ್ನೂ ಕದಿಯಬೇಕಾಗಿರಲಿಲ್ಲ. ನಿಮಗೆ ಆ ಅನುಕೂಲ ಇಲ್ಲ. ನೀವು ಕಂಡದ್ದೆಲ್ಲ ಬೇರೆಯವರ ಸ್ಕ್ರೀನಿನೊಳಗೆ ಇದೆ. ಅದಕ್ಕೇ ಇಷ್ಟು ಜಾಗ್ರತೆ ಹೇಳುತ್ತಿರುವುದು.

ಕೊನೆಗೆ, ನೀವು ಕೆಲಸ ಕಲಿಸುತ್ತಿರುವ ಆ ಮನಿಲಾದ ಹುಡುಗಿಯ ವಿಷಯ. “ಅವಳನ್ನು ನೋಡಿದರೆ ಮೈ ಉರಿಯುತ್ತದೆ” ಎಂದು ಬರೆದಿದ್ದೀರಿ. 2015ರ ಆರಂಭದಲ್ಲಿ ಫ್ಲೋರಿಡಾದ ಡಿಸ್ನಿಯಲ್ಲಿ ಸುಮಾರು 250 ಜನ ಕಂಪ್ಯೂಟರ್ ಕೆಲಸಗಾರರನ್ನು ತೆಗೆದರು. ಹೋಗುವ ಮುಂಚೆ ತಮ್ಮ ಜಾಗಕ್ಕೆ ಬಂದವರಿಗೆ ಅವರೇ ಕೆಲಸ ಕಲಿಸಬೇಕಾಯಿತು. ಆಗ ಕಲಿಯಲು ಕೂತಿದ್ದವರು ಹೆಚ್ಚಾಗಿ ನಮ್ಮ ದೇಶದ ಹುಡುಗರು. ಅವರನ್ನು ನೋಡಿ ಅಲ್ಲಿಯವರಿಗೂ ಮೈ ಉರಿದಿರಬೇಕು. ನೀವು ಇದ್ದ ಕುರ್ಚಿಯಲ್ಲೂ ಮೊದಲು ಓಹಿಯೋದಲ್ಲೋ ಟೆಕ್ಸಾಸಿನಲ್ಲೋ ಒಬ್ಬರು ಕೂತಿದ್ದಿರಬಹುದು.

“ಮುಂದಿನ ತಿಂಗಳೂ ನೀವೇ ಇರುತ್ತೀರಲ್ಲ?” ಎಂದು ಆಕೆ ಕೇಳಿದಾಗ ನೆಟ್‌ವರ್ಕ್ ಸರಿ ಇಲ್ಲ ಎಂದು ಕಾಲ್ ಕಟ್ ಮಾಡಿದಿರಂತೆ. ಇನ್ನೂ ಎರಡು ದಿನದ ಕೆಟಿ, ಅಂದರೆ ಕೆಲಸ ಕಲಿಸಿಕೊಡುವುದು, ಬಾಕಿ ಇದೆ ಎಂದಿದ್ದೀರಿ. ಆ ಎರಡು ದಿನದಲ್ಲಿ, ಎಲ್ಲರೂ ಕೇಳುವ ಕಾಲ್‌ನಲ್ಲೇ, ಒಂದು ಬಿಪಿ ಚಾರ್ಟ್ ತೆರೆದು ಇದಕ್ಕೆ 99213 ಎಂದು ಕಲಿಸಿ. ಯಾಕೆ ಎಂದು ರೂಲ್ ಸಮೇತ ಹೇಳಿ. ಹಾಗೆ ಕಲಿಸಬೇಡಿ ಎಂದು ಯಾರಾದರೂ ಬಾಯಿ ಹಾಕಿದರೆ, ಅದೂ ನೋಟ್‌ಬುಕ್ಕಿಗೆ.