ಮೊದಲ ಕಂತಿನ ಹಣ ಎಲ್ಲಿ ಹೋಯಿತು?

ಸಿಂಧನೂರಿನ ಬತ್ತದ ರೈತರಾದ ನೀವು ಕಳೆದ ಮಾರ್ಚ್‌ನಲ್ಲಿ ಇಪ್ಪತ್ತು ವರ್ಷದ ಜೀವವಿಮೆ ಮಾಡಿಸಿ 25,000 ರೂಪಾಯಿ ಕಟ್ಟಿದ್ದೀರಿ. ಈ ವರ್ಷದ ಕಂತಿಗೆ ಹಣ ಹೊಂದುತ್ತಿಲ್ಲ. ಪಾಲಿಸಿ ಬಿಟ್ಟರೆ ಕೈಗೆ ಬರುವುದು ತೀರ ಕಡಿಮೆ ಎಂದು ತಿಳಿದು, ಉಳಿದದ್ದನ್ನು ಕಂಪನಿ ನುಂಗಿತೇ ಎಂದು ಕೇಳಿದ್ದೀರಿ. ರಾಯಚೂರಿನ ಒಂದು ವಿಮಾ ಕಚೇರಿಯಲ್ಲಿ ಹೊಸ ಪಾಲಿಸಿಗಳ ವಿಭಾಗದಲ್ಲಿ ದುಡಿದವನು ನಾನು. ಆ ಹಣದ ದೊಡ್ಡ ಪಾಲು ಕಂಪನಿಯಲ್ಲಿ ಉಳಿದಿಲ್ಲ. ನಿಮ್ಮಿಂದ ಅರ್ಜಿಗೆ ಸಹಿ ಹಾಕಿಸುವುದಕ್ಕೇ ಅದು ಖರ್ಚಾಗಿದೆ.

ಮೊದಲನೆಯದು ಏಜೆಂಟರ ಕಮಿಷನ್. 2023ರ ಮಾರ್ಚ್‌ವರೆಗೆ ಇಂಥ ದೀರ್ಘಾವಧಿ ಪಾಲಿಸಿಗೆ ಮೊದಲ ವರ್ಷ ಕಂತಿನ ಶೇ. 35ರವರೆಗೆ ಕೊಡಬಹುದಿತ್ತು, ನಂತರದ ವರ್ಷಗಳಲ್ಲಿ ಶೇ. 7.5ರವರೆಗೆ. ನಿಮ್ಮ ಕಂತಿಗೆ ಲೆಕ್ಕ ಹಾಕಿದರೆ ಮೊದಲ ವರ್ಷ 8,750, ಎರಡನೆಯ ವರ್ಷ 1,875 ರೂಪಾಯಿ. ಆ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಪಾಲಿಸಿವಾರು ಮಿತಿಯನ್ನು ತೆಗೆದು, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಿತಿ ಹಾಕಿದೆ. ಇದರ ಮೇಲೆ ವೈದ್ಯಕೀಯ ತಪಾಸಣೆ, ಸ್ಟಾಂಪ್ ಶುಲ್ಕ, ಅರ್ಜಿ ಪರಿಶೀಲನೆ, ಏಜೆಂಟರನ್ನು ನೋಡಿಕೊಳ್ಳುವ ಅಧಿಕಾರಿಯ ಸಂಬಳ, ಜಾಹೀರಾತು. ತಪಾಸಣೆ ಮುಗಿದ ಮೇಲೆ ತಿರಸ್ಕೃತವಾದ ಅರ್ಜಿಗಳ ವೆಚ್ಚವನ್ನೂ ಪಾಲಿಸಿ ಪಡೆದವರ ಕಂತೇ ಹೊರಬೇಕು. ಎಷ್ಟೋ ಬಾರಿ ಇವೆಲ್ಲ ಸೇರಿ ಮೊದಲ ಕಂತನ್ನೇ ಮೀರುತ್ತವೆ. ನಮ್ಮ ದೇಶದ ಲೆಕ್ಕಪತ್ರ ನಿಯಮದಂತೆ ಈ ಖರ್ಚನ್ನು ಅದೇ ವರ್ಷದ ಲೆಕ್ಕಕ್ಕೆ ಹಾಕುತ್ತಾ ಬಂದಿದ್ದಾರೆ. ಹಾಗಾಗಿ ಹೊಸ ಕಂಪನಿಯೊಂದು ವ್ಯಾಪಾರ ಹೆಚ್ಚಿಸಿಕೊಂಡಷ್ಟೂ ಆರಂಭದಲ್ಲಿ ನಷ್ಟ ತೋರಿಸುತ್ತದೆ. ನೀವು ನಾಲ್ಕಾರು ವರ್ಷ ಕಂತು ಕಟ್ಟಿದ ಮೇಲಷ್ಟೇ ಆ ಹಣ ಕಂಪನಿಗೆ ವಾಪಸು ಬರುತ್ತದೆ.

ಏಜೆಂಟರು ಕಮಿಷನ್ ಪಡೆಯುವುದು ತಪ್ಪಲ್ಲ. ಮಾನ್ವಿ, ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಗೆ ಬಿಸಿಲಲ್ಲಿ ಹೋಗಿ, ಒಂದೇ ಮನೆಗೆ ಹತ್ತು ಸಲ ಅಲೆದು ವಿಮೆ ಮಾಡಿಸಿದವರು ಅವರೇ. ನನ್ನ ತಕರಾರು ಇರುವುದು ಸಂಭಾವನೆಯೆಲ್ಲ ಮೊದಲ ವರ್ಷದಲ್ಲೇ ತುಂಬಿಕೊಂಡಿರುವುದರ ಬಗ್ಗೆ. ಆ ಹಳೆಯ ಮಿತಿಯ ಲೆಕ್ಕದಲ್ಲೇ ನೋಡಿ, ಮಾರಿದರೆ 8,750, ಉಳಿಸಿದರೆ 1,875 ಎಂದಾಗ ಉಳಿಸಲು ಯಾರು ಓಡಾಡುತ್ತಾರೆ? ವಿಮಾ ಕಂಪನಿಗಳ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುವುದರಿಂದ ಆ ತಿಂಗಳು ಗುರಿ ಮುಟ್ಟುವ ಧಾವಂತ. ಕೆಲವರು ಮೊದಲ ಕಂತನ್ನು ಕಮಿಷನ್‌ನಿಂದಲೇ ತುಂಬುವುದಾಗಿ ಹೇಳಿ ಪಾಲಿಸಿ ಮಾಡಿಸುತ್ತಾರೆ. 1938ರ ವಿಮಾ ಕಾಯ್ದೆಯ 41ನೆಯ ಕಲಮು ಇದನ್ನು ನಿಷೇಧಿಸಿದೆ; ದಂಡ ಹತ್ತು ಲಕ್ಷ ರೂಪಾಯಿವರೆಗೆ ಇದೆ.

ಮಾರ್ಚ್‌ನಲ್ಲಿ ಆರಂಭವಾದ ಪಾಲಿಸಿಗೆ ಪ್ರತಿ ವರ್ಷದ ಕಂತೂ ಮಾರ್ಚ್‌ಗೇ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತನಿಗೆ ಅದಕ್ಕಿಂತ ಕೆಟ್ಟ ತಿಂಗಳಿಲ್ಲ. ಮುಂಗಾರು ಬತ್ತದ ದುಡ್ಡು ಸಾಲಕ್ಕೆ, ಗೊಬ್ಬರಕ್ಕೆ ಕರಗಿರುತ್ತದೆ. ನೀರು ಸಿಕ್ಕಿ ಎರಡನೆಯ ಬೆಳೆ ಇಟ್ಟಿದ್ದರೂ ಅದಿನ್ನೂ ಗದ್ದೆಯಲ್ಲೇ ಇರುತ್ತದೆ. ಅದೇ ಆರ್ಥಿಕ ವರ್ಷದ ಹಿಂದಿನ ದಿನಾಂಕದಿಂದ ಪಾಲಿಸಿ ಆರಂಭಿಸಲು ಹಲವು ಕಂಪನಿಗಳಲ್ಲಿ ಅವಕಾಶವಿದೆ. ಡಿಸೆಂಬರ್ ದಿನಾಂಕ ಹಾಕಿಸಿದ್ದರೆ ಎರಡನೆಯ ಕಂತು ಮೂರು ತಿಂಗಳು ಬೇಗ ಬರುತ್ತಿತ್ತು, ಆದರೆ ಕೈಯಲ್ಲಿ ಹಣವಿದ್ದಾಗ ಬರುತ್ತಿತ್ತು. ಈ ಒಂದು ಮಾತನ್ನು ನಿಮ್ಮ ಏಜೆಂಟರು ಹೇಳಬೇಕಿತ್ತು.

ಈಗ ಏನು ಮಾಡಬಹುದು? 2024ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮದಂತೆ, ಒಂದು ವರ್ಷದ ಪೂರ್ತಿ ಕಂತು ಕಟ್ಟಿ ಮೊದಲ ವರ್ಷ ಮುಗಿದ ಪಾಲಿಸಿಗೂ ಸರೆಂಡರ್ ಮೌಲ್ಯ, ಅಂದರೆ ಮಧ್ಯದಲ್ಲೇ ಬಿಟ್ಟರೆ ವಾಪಸು ಕೊಡುವ ಹಣ, ಸಿಗಬೇಕು. ಅದಕ್ಕೂ ಮುಂಚೆ ಎರಡು ವರ್ಷದ ಕಂತು ಕಟ್ಟದಿದ್ದರೆ ಸಾಮಾನ್ಯವಾಗಿ ಏನೂ ಸಿಗುತ್ತಿರಲಿಲ್ಲ. ಆದರೂ ಇಪ್ಪತ್ತರಲ್ಲಿ ಒಂದೇ ಕಂತು ಕಟ್ಟಿದ್ದರಿಂದ ಮೊತ್ತ ಚಿಕ್ಕದೇ. ಎಷ್ಟೆಂದು ಶಾಖೆಯಲ್ಲಿ ಬರಹದಲ್ಲಿ ಕೇಳಿ. ಬಿಡಲೇಬೇಕು ಎಂದೇನೂ ಇಲ್ಲದಿದ್ದರೆ ಅವಸರ ಬೇಡ. ವಾರ್ಷಿಕ ಕಂತಿಗೆ ಗಡುವಿನ ಮೇಲೆ 30 ದಿನ ಕಾಲಾವಕಾಶವಿದೆ. ಷೇರು ಮಾರುಕಟ್ಟೆಗೆ ಜೋಡಿಸದ ಪಾಲಿಸಿ ನಿಂತರೂ, ಕಟ್ಟದ ಮೊದಲ ಕಂತಿನ ದಿನದಿಂದ ಐದು ವರ್ಷದೊಳಗೆ ಬಡ್ಡಿಯೊಂದಿಗೆ ಬಾಕಿ ತುಂಬಿ ಮತ್ತೆ ಚಾಲ್ತಿಗೆ ತರಲು ಕೇಳಿಕೊಳ್ಳಬಹುದು. ಆರೋಗ್ಯದ ವಿವರವನ್ನು ಮತ್ತೆ ಕೊಡಬೇಕಾದೀತು. ಆದರೆ ನಿಂತಿರುವ ಅವಧಿಯಲ್ಲಿ ಪೂರ್ಣ ವಿಮಾ ರಕ್ಷಣೆ ಇರುವುದಿಲ್ಲ ಎಂಬುದನ್ನು ಮನೆಯವರಿಗೂ ತಿಳಿಸಿ.

ಇದನ್ನು ಬಿಟ್ಟು ಹೊಸ ಪಾಲಿಸಿ ಮಾಡಿಸಿ ಎಂದು ಯಾರಾದರೂ ಬಂದರೆ ಮಾತ್ರ ಒಪ್ಪಬೇಡಿ. ಈ ಖರ್ಚೆಲ್ಲ ನಿಮ್ಮ ಮೇಲೆ ಎರಡನೆಯ ಸಲ ಬೀಳುತ್ತದೆ.